ಎಷ್ಟು ಮದುವೆ, ಯಾರ ಜೊತೆ... ನಟಿಯ ಬದುಕು ಅಂದ್ರೆ ಇಷ್ಟೇನಾ?

ಹಂಗೇರಿಯ ಒಬ್ಬ ನಟಿಯ ಹೆಸರು ಹೇಳಿ ಅಂದರೆ ಕ್ವಿಜ್ ಹುಡುಗರು ತಟ್ಟನೆ ಹೇಳೋದು ಝಾ ಝಾ ಗಬೊರ್ ಅಂತ. ಸರಿ, ಮುಂದಿನ ಪ್ರಶ್ನೆ ಆಕೆಯ ಸಿನಿಮಾ ಬಗ್ಗೆ ಇರುತ್ತೆ ಅಂದ್ಕೊಂಡ್ರಾ? ಇಲ್ಲ ಸ್ವಾಮಿ. ಆಕೆಗೆ ಎಷ್ಟು ಮದುವೆ ಆಗಿತ್ತು ಅನ್ನೋದೇ ಮುಂದಿನ ಪ್ರಶ್ನೆ. ಉತ್ತರ 9. 1989ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಪೊಲೀಸಪ್ಪನೊಬ್ಬನ ಕೆನ್ನೆಗೆ ಬಾರಿಸಿದ್ದು ಬೋನಸ್ ಪ್ರಶ್ನೆ. 1952ರಲ್ಲಿ ಜಾನ್ ಹ್ಯೂಸ್ಟನ್ ಮಾಡಿದ 'ಮೂಲಾಂ ರೂಜ್' ಸಿನಿಮಾದಲ್ಲಿ ಆಕೆ ನಟಿಸಿದ್ದಳು ಅನ್ನೋದು ಯಾರಿಗೂ ಬೇಕಿಲ್ಲ.

ನಟಿಯರ ಬಗ್ಗೆ ಬರೆಯೋಕೆ ನಮ್ಮ ಹತ್ತಿರ ಒಂದು ಸಿದ್ಧ ಟೆಂಪ್ಲೇಟು ಇದೆ. ಬಡತನದಲ್ಲಿ ಹುಟ್ಟಿದಳು, ಅಪ್ರತಿಮ ಸುಂದರಿಯಾಗಿದ್ದಳು, ಇಂತಿಂಥವರ ಜೊತೆ ಸಂಬಂಧವಿತ್ತು, ಕೊನೆಗೆ ಒಂಟಿಯಾಗಿ ಸತ್ತಳು. ಖಾಲಿ ಜಾಗದಲ್ಲಿ ಹೆಸರು ತುಂಬಿದರೆ ಲೇಖನ ರೆಡಿ. ಕೋಡ್ ಬರೆಯುವವನಿಗೆ ಒಂದೇ ಫಂಕ್ಷನ್ನನ್ನು ಹತ್ತು ಕಡೆ ಬಳಸೋದು ಜಾಣತನ. ಮನುಷ್ಯರ ಬದುಕು ಬರೆಯುವವನಿಗೆ ಅದು ಸೋಮಾರಿತನ. ಎಷ್ಟು ಸೋಮಾರಿತನ ಅಂತ ತೋರಿಸೋಕೆ ಇನ್ನೊಬ್ಬ ಹಂಗೇರಿಯನ್ ನಟಿಯ ಕಥೆ ಹೇಳ್ತೀನಿ.

ಆಕೆಯ ಹೆಸರು ಕಟಲಿನ್ ಕರಾದಿ (ಕರಡಿ ಅಂತ ಓದಿ ನಗಬೇಡಿ, ಪ್ಲೀಸ್). ಮೊದಲು ಟೆಂಪ್ಲೇಟಿನ ಪ್ರಕಾರವೇ ಹೇಳಿಬಿಡ್ತೀನಿ. 1910ರಲ್ಲಿ ಬುಡಾಪೆಸ್ಟಿನ ಕೋಬಾನ್ಯ ಎಂಬ ಕಾರ್ಮಿಕರ ಬಡಾವಣೆಯಲ್ಲಿ, ಚಪ್ಪಲಿ ಹೊಲಿಯುವವನ ಮಗಳಾಗಿ ಹುಟ್ಟಿದಳು. ಮೂಲ ಹೆಸರು ಕಟಲಿನ್ ಕಾಂಟ್ಸ್ಲರ್. 1940ರ ದಶಕದ ಆರಂಭದಲ್ಲಿ ಹಂಗೇರಿಯ ಅತಿ ದೊಡ್ಡ ತಾರೆಯಾದಳು. ಗಂಡಸರನ್ನು ಹಾಳು ಮಾಡುವ ಮಾಯಾಂಗನೆ ಅಂತ ಹೆಸರಾದಳು. ದೇಶದ ಬೇಹುಗಾರಿಕೆಯ ಮುಖ್ಯಸ್ಥನ ಪ್ರೇಯಸಿಯಾಗಿದ್ದಳು. ಕೊನೆಗೆ ದೇಶ ಬಿಟ್ಟು ಹೋಗಿ, ಹ್ಯಾಟು ಮಾರಿಕೊಂಡು ಬದುಕಿ, 1990ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತಳು.

ಮೇಲಿನ ಪ್ಯಾರಾದಲ್ಲಿ ಒಂದೇ ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಒಟ್ಟು ಪ್ಯಾರಾ ಶುದ್ಧ ಸುಳ್ಳು. ಹೇಗೆ ಅಂತೀರಾ? ಕೇಳಿ.

ಆ 'ಮಾಯಾಂಗನೆ'ಯಿಂದಲೇ ಶುರು ಮಾಡೋಣ. 1939ರ ಕೊನೆಗೆ 'ಹಲಾಲೋಷ್ ತವಸ್' ಅಂತ ಒಂದು ಸಿನಿಮಾ ಬಂತು. 'ಸಾವಿನ ವಸಂತ' ಅನ್ನಬಹುದು. ಲಾಯೋಷ್ ಝಿಲಹಿಯವರ ಕಾದಂಬರಿ, ಲಾಸ್ಲೋ ಕಲ್ಮಾರ್ ನಿರ್ದೇಶನ, ನಾಯಕ ಆ ಕಾಲದ ಸೂಪರ್‌ಸ್ಟಾರ್ ಪಾಲ್ ಯಾವೊರ್. ಪ್ರೇಮದಲ್ಲಿ ಸೋತ ಯುವಕ ಪ್ರಾಣ ಕಳಕೊಳ್ಳುವ ಕಥೆ. ಕರಾದಿ ನಾಯಕಿ. ಅಲ್ಲಿಯವರೆಗೆ ಹಂಗೇರಿಯ ತೆರೆಯ ಮೇಲೆ ಹೆಚ್ಚಾಗಿ ಇದ್ದದ್ದು ಕಿಲಕಿಲ ನಗುವ, ಕೊನೆಗೆ ಒಳ್ಳೆ ಹುಡುಗನನ್ನು ಮದುವೆಯಾಗುವ ಹುಡುಗಿಯರು. ಈಕೆ ಬಂದು ತಗ್ಗಿದ, ಗಂಡಸಿನಂಥ ದನಿಯಲ್ಲಿ ಮಾತಾಡಿದಳು, ಹಾಡಿದಳು. ಜನ ಹುಚ್ಚಾದರು. ಹೆಂಗಸರು ಆಕೆಯ ಹಾಗೆ ಕೂದಲು ಕಟ್ಟಿಕೊಂಡರು, ಆಕೆಯ ಹಾಗೆ ಬಟ್ಟೆ ತೊಟ್ಟರು. ಮುಂದಿನ ಐದು ವರ್ಷದಲ್ಲಿ ಸುಮಾರು 20 ಸಿನಿಮಾ.

ಈ 'ಮಾಯಾಂಗನೆ' ಒಂದು ಪಾತ್ರ. ಯಾರೋ ಬರೆದದ್ದು, ಯಾರೋ ಬೆಳಕು ಹಾಕಿದ್ದು, ಯಾರೋ ಮಾರಿದ್ದು. 'ಕರಾದಿ' ಅನ್ನೋ ಹೆಸರೂ ಆಕೆಯದ್ದಲ್ಲ, ಝೋಲ್ತಾನ್ ಎಗ್ಯೆದ್ ಅನ್ನೋ ಪತ್ರಕರ್ತ ಇಟ್ಟದ್ದು. ವಿಲನ್ ಪಾತ್ರ ಮಾಡಿದ ಗಂಡಸು ಮನೆಗೆ ಹೋದರೆ 'ಪಾಪ, ನಿಜಜೀವನದಲ್ಲಿ ತುಂಬಾ ಸಾಧು' ಅಂತ ನಾವೇ ಸರ್ಟಿಫಿಕೇಟ್ ಕೊಡ್ತೀವಿ. ಹೆಂಗಸಿಗೆ ಮಾತ್ರ ಪಾತ್ರವೇ ಚರಿತ್ರೆ. ಯಾಕೆ? ನೀವೇ ಹೇಳಿ.

ಇನ್ನು ಎರಡನೇ ಗುಂಪು. ಕರಾದಿಯನ್ನು ದೇವಿ ಮಾಡಿ ಕೂರಿಸೋ ಭಕ್ತರು. ಇವರು ಹಾರಿಸಿಬಿಡೋ ಒಂದು ವಿಷಯ ಇದೆ. ಆಕೆ ತಾರೆಯಾದ ಕಾಲದಲ್ಲಿ ಹಂಗೇರಿ ಸಿನಿಮಾದಲ್ಲಿ ಏನು ನಡೀತಿತ್ತು ಗೊತ್ತಾ? 1938ರಲ್ಲಿ ಅಲ್ಲಿ ಮೊದಲ ಯಹೂದಿ ವಿರೋಧಿ ಕಾನೂನು ಬಂತು. ಪತ್ರಿಕೆ, ನಾಟಕ, ಸಿನಿಮಾದಂಥ ಕ್ಷೇತ್ರಗಳಲ್ಲಿ ಯಹೂದಿಗಳ ಪಾಲು ಶೇ. 20 ಮೀರಬಾರದು ಅಂತ. 1939ರಲ್ಲಿ ಎರಡನೆಯದು ಬಂತು, ಮಿತಿ ಶೇ. 6ಕ್ಕೆ ಇಳೀತು. ನಟಿಸೋಕೆ ಸರ್ಕಾರಿ 'ಚೇಂಬರ್' ಸದಸ್ಯತ್ವ ಬೇಕು. ಯಹೂದಿ ನಟರು, ಲೇಖಕರು, ನಿರ್ಮಾಪಕರು ಎಷ್ಟೋ ಜನ ರಾತ್ರೋರಾತ್ರಿ ಕೆಲಸ ಕಳಕೊಂಡರು. ಅದೇ ಹೊತ್ತಿಗೆ ಯುದ್ಧದಿಂದ ಹೊರಗಿನ ಚಿತ್ರಗಳು ಕಮ್ಮಿಯಾಗಿ ದೇಶದೊಳಗಿನ ಚಿತ್ರಗಳ ಸಂಖ್ಯೆ ವರ್ಷಕ್ಕೆ 40 ದಾಟಿತು. ಅಂದರೆ ಕರಾದಿಯ ಆ 20 ಸಿನಿಮಾಗಳು ಬಂದದ್ದು ಬೇರೆಯವರನ್ನು ಎಬ್ಬಿಸಿ ಖಾಲಿ ಮಾಡಿದ ಅಂಗಳದಲ್ಲಿ. ಆ ಕಾನೂನು ಆಕೆ ಮಾಡಿದ್ದಲ್ಲ. ಆದರೆ ಅದರ ಲಾಭ ಆಕೆಗೂ ಸಿಕ್ಕಿತು. ಇದನ್ನ ಬರೆಯದೆ ಆಕೆಯ 'ಸುವರ್ಣಯುಗ'ದ ಬಗ್ಗೆ ಹಾಡಿ ಹೊಗಳೋದು ಅಪ್ರಾಮಾಣಿಕತೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದರೆ, ಇದು ಗೊತ್ತಿಲ್ಲದಿದ್ದರೆ ಮುಂದೆ ಆಕೆ ಮಾಡಿದ್ದರ ತೂಕವೇ ತಿಳಿಯಲ್ಲ.

1944ರ ಮಾರ್ಚ್ 19ರಂದು ಜರ್ಮನ್ ಸೈನ್ಯ ಹಂಗೇರಿಯನ್ನು ಆಕ್ರಮಿಸಿಕೊಂಡಿತು. ಕರಾದಿಯ ಜೊತೆಗಾರ ಇಷ್ಟ್‌ವಾನ್ ಉಯ್ಸಾಸಿ, ಮೇಲೆ ಹೇಳಿದ ಬೇಹುಗಾರಿಕೆಯ ಮುಖ್ಯಸ್ಥ. ಯುದ್ಧದಿಂದ ಹೊರಬರೋಕೆ ಮಿತ್ರಪಕ್ಷದವರ ಜೊತೆ ಗುಟ್ಟಾಗಿ ಸಂಪರ್ಕ ಹುಡುಕುತ್ತಿದ್ದವರ ಪೈಕಿ ಒಬ್ಬ. ಏಪ್ರಿಲ್‌ನಲ್ಲಿ ಗೆಸ್ಟಾಪೋ ಕರಾದಿಯನ್ನು ಬೇಹುಗಾರಿಕೆಯ ಆರೋಪದ ಮೇಲೆ ಎತ್ತಿಹಾಕಿಕೊಂಡು ಹೋಯಿತು. ಸುಮಾರು ಮೂರು ತಿಂಗಳು ಸೆರೆ, ಹೊಡೆತ, ಚಿತ್ರಹಿಂಸೆ. ನಮ್ಮ ಟೆಂಪ್ಲೇಟು ಲೇಖಕರು ಇದನ್ನ 'ಗೂಢಚಾರನೊಂದಿಗೆ ಪ್ರೇಮ' ಅಂತ ಹೆಡ್ಡಿಂಗ್ ಕೊಟ್ಟು ಮುಗಿಸ್ತಾರೆ. ಚಿತ್ರಹಿಂಸೆ ಕೂಡ ಪ್ರೇಮಕಥೆಯ ಒಂದು ಸೀನು!

ಆಕೆ ಸೆರೆಯಲ್ಲಿದ್ದ ಆ ತಿಂಗಳುಗಳಲ್ಲೇ, ಮೇ 15ರಿಂದ ಜುಲೈ 9ರೊಳಗೆ, ಹಂಗೇರಿಯಿಂದ ಸುಮಾರು 4,37,000 ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದರು. ಬಹುಪಾಲು ಆಶ್‌ವಿಟ್ಸಿಗೆ. ಎಂಟೇ ವಾರ. ಊರೂರಲ್ಲಿ ಹಿಡಿದು ರೈಲು ಹತ್ತಿಸಿದ್ದು ಜರ್ಮನರು ಮಾತ್ರ ಅಲ್ಲ, ಹಂಗೇರಿಯದೇ ಪೊಲೀಸರು, ಹಂಗೇರಿಯದೇ ಅಧಿಕಾರಿಗಳು.

ಅಕ್ಟೋಬರ್ 15ರಂದು ಆರೋ ಕ್ರಾಸ್ ಅನ್ನೋ ಹಂಗೇರಿಯನ್ ನಾಜಿ ಪಕ್ಷ ಅಧಿಕಾರ ಹಿಡಿಯಿತು. ಆ ಚಳಿಗಾಲದಲ್ಲಿ ಇವರು ಬುಡಾಪೆಸ್ಟಿನ ಯಹೂದಿಗಳನ್ನು ಡ್ಯಾನ್ಯೂಬ್ ನದಿಯ ದಂಡೆಗೆ ನಡೆಸಿಕೊಂಡು ಹೋಗಿ, ಸಾಲಾಗಿ ನಿಲ್ಲಿಸಿ ಗುಂಡು ಹೊಡೆದು ನೀರಿಗೆ ಕೆಡವುತ್ತಿದ್ದರು. ಈಗ ಆ ದಂಡೆಯಲ್ಲಿ 60 ಜೊತೆ ಕಬ್ಬಿಣದ ಶೂಗಳಿವೆ, 2005ರಲ್ಲಿ ಮಾಡಿದ ಸ್ಮಾರಕ. ಅವುಗಳಲ್ಲಿ ಮಕ್ಕಳ ಪುಟ್ಟ ಶೂಗಳೂ ಇವೆ.

ಕರಾದಿ ಆ ದಂಡೆಗೆ ಹೋದಳು. ತನ್ನ ಚಿನ್ನದ ಒಡವೆಗಳನ್ನು ಆ ಬಂದೂಕಿನವರ ಕೈಗೆ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡಳು. ತನ್ನ ಮನೆಗೆ ಕರಕೊಂಡು ಹೋಗಿ ಬಚ್ಚಿಟ್ಟಳು. ನೆನಪಿಡಿ, ಆಕೆ ಗುರುತು ಸಿಗದ ಸಾಮಾನ್ಯ ಹೆಂಗಸಲ್ಲ. ಇಡೀ ದೇಶಕ್ಕೆ ಗೊತ್ತಿರೋ ಮುಖ. ಗೆಸ್ಟಾಪೋ ಕೈಯಲ್ಲಿ ಸಿಕ್ಕರೆ ಏನಾಗುತ್ತೆ ಅಂತ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಮೈಮೇಲೆ ಗುರುತಿತ್ತು. ಇಷ್ಟು ಗೊತ್ತಿದ್ದೂ ಹೋದಳು.

ನನ್ನ ವಾದ ಇಷ್ಟೇ. ಯಾವುದೇ ದೇಶದಲ್ಲಿ ಇಂಥ ಕಾಲ ಮುಗಿದ ಮೇಲೆ ಒಂದು ಮಾತು ಹುಟ್ಟುತ್ತೆ. 'ಆ ಕಾಲ ಹಾಗಿತ್ತು, ನಾವೇನು ಮಾಡೋಕಾಗ್ತಿತ್ತು? ವ್ಯವಸ್ಥೆಯ ಒಳಗಿದ್ದೆವು, ಹೆಂಡತಿ ಮಕ್ಕಳಿದ್ದರು, ಕೆಲಸ ಉಳಿಸಿಕೊಳ್ಳಬೇಕಿತ್ತು.' ಕರಾದಿಯೂ ಅದೇ ವ್ಯವಸ್ಥೆಯ ಒಳಗಿದ್ದಳು. ಅದರ ಲಾಭ ಉಂಡವಳು. ಸಂತಳಲ್ಲ, ಕ್ರಾಂತಿಕಾರಿಯಲ್ಲ. ಅದಕ್ಕೇ ಆಕೆ ಮುಖ್ಯ. ಸಂತರು ಮಾಡಿದರೆ 'ಅವರು ಸಂತರು ಕಣ್ರೀ, ನಮ್ಮಿಂದ ಆಗುತ್ತಾ' ಅಂತ ಕೈ ಮುಗಿದು ತಪ್ಪಿಸಿಕೊಳ್ಳಬಹುದು. ಸಿನಿಮಾ ತಾರೆಯೊಬ್ಬಳು ತನ್ನ ಒಡವೆ ಬಿಚ್ಚಿಕೊಟ್ಟರೆ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. ಆಕೆಯನ್ನು 'ಮಾಯಾಂಗನೆ' ಮಾಡಿ ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ. ದೇವಿ ಮಾಡಿದರೂ ಅನುಕೂಲವೇ. ನಮ್ಮಂಥ ಮನುಷ್ಯಳು ಅಂತ ಒಪ್ಪಿಕೊಂಡರೆ ಮಾತ್ರ ಕಷ್ಟ, ಆಗ ಪ್ರಶ್ನೆ ನಮ್ಮ ಕಡೆ ತಿರುಗುತ್ತೆ.

ಕೆಲವರು ಲೆಕ್ಕ ಹಾಕ್ತಾರೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹೋದರು, ಈಕೆ ಒಂದಷ್ಟು ಮಕ್ಕಳನ್ನು ಉಳಿಸಿದರೆ ಏನಾಯ್ತು ಅಂತ. ಈ ಲೆಕ್ಕವನ್ನು ಆ ಮಕ್ಕಳ ಎದುರು ಹಾಕಿ ನೋಡಿ. ಅಷ್ಟೇ ನನ್ನ ಉತ್ತರ.

ಇನ್ನು ಯುದ್ಧದ ನಂತರದ ಕಥೆ. ಉಯ್ಸಾಸಿ ಸೋವಿಯತ್ ಸೆರೆಗೆ ಸಿಕ್ಕ, ಆಕೆಯ ಬಳಿಗೆ ಮತ್ತೆ ಬರಲಿಲ್ಲ. 1948ರಲ್ಲಿ ಹಂಗೇರಿಯ ಚಿತ್ರೋದ್ಯಮ ಸರ್ಕಾರದ ಕೈಗೆ ಹೋಯಿತು. ಹೊಸ ಕಮ್ಯುನಿಸ್ಟ್ ಆಳ್ವಿಕೆಗೆ ಕರಾದಿ ಅಂದರೆ ಹಳೆ ಕಾಲದ ಕೊಳಕು, ಅಷ್ಟೆ. ಯುದ್ಧದ ನಂತರ ಆಕೆಗೆ ಸಿಕ್ಕಿದ ಸಿನಿಮಾಗಳನ್ನು ಒಂದು ಕೈಯ ಬೆರಳಲ್ಲೇ ಎಣಿಸಿ ಮುಗಿಸಬಹುದು. ಆಮೇಲೆ ತೆರೆಯೂ ಇಲ್ಲ, ಹಾಡೂ ಇಲ್ಲ. ನಾಜಿಗಳು ಹೊಡೆದರು, ನಾಜಿಗಳನ್ನು ಸೋಲಿಸಿದವರು ಬಾಯಿ ಮುಚ್ಚಿಸಿದರು. ಇಬ್ಬರಿಗೂ ಆಕೆ ಮಾಡಿದ ಕೆಲಸ ಕಾಣಲಿಲ್ಲ, ಆಕೆಯ ಪೋಸ್ಟರ್ ಮಾತ್ರ ಕಂಡಿತು.

ಇಲ್ಲಿ ಇನ್ನೊಂದು ಹೆಸರು ಹೇಳದೆ ಇರೋಕಾಗಲ್ಲ. ಮಾರಿಕಾ ರೋಕ್. ಈಕೆಯೂ ಹಂಗೇರಿಯನ್ ಮೂಲದವಳೇ. ನಾಜಿ ಕಾಲದ ಜರ್ಮನ್ ಸಿನಿಮಾದಲ್ಲಿ, ಗೆಬೆಲ್ಸ್ ಹಿಡಿತದಲ್ಲಿದ್ದ ಊಫಾ ಕಂಪನಿಯಲ್ಲಿ, ಹಾಡಿ ಕುಣಿದು ದೊಡ್ಡ ತಾರೆಯಾದವಳು. ಯುದ್ಧ ಮುಗಿದ ಮೇಲೆ ಕೆಲಸ ಮಾಡಬಾರದು ಅಂತ ಸ್ವಲ್ಪ ಕಾಲ ನಿಷೇಧ, 1947ಕ್ಕೆ ಅದೂ ಮುಗೀತು. 1950ರಲ್ಲಿ ಆಸ್ಟ್ರಿಯಾದಲ್ಲಿ ಆಕೆಯದೊಂದು ಕಲರ್ ಚಿತ್ರ ಬಂತು. ಹೆಸರು ಏನು ಗೊತ್ತಾ? 'ಡ್ಯಾನ್ಯೂಬಿನ ಕೂಸು'! ಅದೇ ಡ್ಯಾನ್ಯೂಬಿನ ದಂಡೆಯಿಂದ ನಿಜವಾದ ಕೂಸುಗಳನ್ನು ಎತ್ತಿಕೊಂಡು ಬಂದವಳಿಗೆ ಆ ವರ್ಷ ಒಂದು ಪಾತ್ರವೂ ಇರಲಿಲ್ಲ. ದೇಶ ಬೇರೆ, ಉದ್ಯಮ ಬೇರೆ, ಒಪ್ತೀನಿ. ಆದರೂ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಹೊಟ್ಟೆ ಉರಿಯುತ್ತೋ ಇಲ್ವೋ ಹೇಳಿ.

1951ರಲ್ಲಿ ಕರಾದಿ ಗಡಿ ದಾಟಿದಳು. ಯೂರೋಪಿನಲ್ಲಿ ಅಲ್ಲಿ ಇಲ್ಲಿ ಇದ್ದು ಬ್ರೆಜಿಲ್ಲಿನ ಸಾವೊ ಪೌಲೋಗೆ ಹೋಗಿ ಹ್ಯಾಟಿನ ಅಂಗಡಿ ಇಟ್ಟಳು. 1968ರಲ್ಲಿ ನ್ಯೂಯಾರ್ಕ್. ಅಲ್ಲೂ ಹ್ಯಾಟು. ಇಲ್ಲಿ ನಮ್ಮವರ ಕಣ್ಣೀರ ಕೋಡಿ ಶುರುವಾಗುತ್ತೆ. 'ಅಯ್ಯೋ, ಮೆರೆದ ತಾರೆ ಕೊನೆಗೆ ಟೋಪಿ ಮಾರಿಕೊಂಡು...' ಯಾಕ್ರೀ? ಅಂಗಡಿ ಇಡೋದು ದುರಂತನಾ? ಭಾಷೆ ಗೊತ್ತಿಲ್ಲದ ದೇಶಕ್ಕೆ 40 ದಾಟಿದ ಹೆಂಗಸು ಹೋಗಿ, ಕೈಕೆಲಸ ಮಾಡಿ, ಯಾರ ಮುಂದೆಯೂ ಕೈ ಚಾಚದೆ ಮೂರು ದಶಕಕ್ಕೂ ಹೆಚ್ಚು ಕಾಲ ಬಾಳಿದಳು. ನಟ ಹೋಟೆಲ್ ಇಟ್ಟರೆ ಉದ್ಯಮಿ, ನಟಿ ಅಂಗಡಿ ಇಟ್ಟರೆ ಪಾಪ! ದುರಂತ ಇರೋದು ಹ್ಯಾಟಿನಲ್ಲಲ್ಲ, ಆಕೆಯ ಭಾಷೆಯ ಸಿನಿಮಾದ ಬಾಗಿಲು ಮುಚ್ಚಿದ್ದರಲ್ಲಿ. ಅದನ್ನು ಮುಚ್ಚಿದವರ ಹೆಸರು ಮಾತ್ರ ಟೆಂಪ್ಲೇಟಿನಲ್ಲಿ ಇರೋದೇ ಇಲ್ಲ.

ಆಕೆ ತೀರಿಕೊಂಡಿದ್ದು 1990ರ ಫೆಬ್ರವರಿ 8ಕ್ಕೆ. ಆ ಹೊತ್ತಿಗೆ ಕಮ್ಯುನಿಸ್ಟ್ ಆಳ್ವಿಕೆ ಮುಗಿದಿತ್ತು. ಆಕೆಯ ದೇಹ ಬುಡಾಪೆಸ್ಟಿಗೆ ಬಂತು, ಫರ್ಕಶ್‌ರೇತಿ ಸ್ಮಶಾನದಲ್ಲಿ ಮಣ್ಣಾಯಿತು. 2001ರಲ್ಲಿ ಪೇತರ್ ಬಾಚೋ ಆಕೆಯನ್ನು ನೆನಪಿಸುವ ಒಂದು ಸಿನಿಮಾ ಮಾಡಿದರು. 2004ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ, ಯಹೂದಿಗಳ ಜೀವ ಉಳಿಸಿದ ಅನ್ಯಧರ್ಮೀಯರಿಗೆ ಕೊಡುವ ಗೌರವವನ್ನು ಆಕೆಗೆ ಕೊಟ್ಟಿತು. ಮಕ್ಕಳನ್ನು ಉಳಿಸಿ 60 ವರ್ಷ, ಸತ್ತು 14 ವರ್ಷ ಆದ ಮೇಲೆ. ಬದುಕಿದ್ದಾಗ ಬಾಗಿಲು ಹಾಕಿ, ಸತ್ತ ಮೇಲೆ ಹೂವು ಇಡೋದು ಸುಲಭ. ಹೂವು ಇಟ್ಟವರು ಬಾಗಿಲು ಹಾಕಿದ್ದು ಯಾರು ಅಂತಲೂ ಒಂದು ಮಾತು ಹೇಳಬೇಕು.

ನಾವು ಬ್ಲಾಗ್ ಬರೆಯೋ ಮಂದಿಗೆ ಸಂಪಾದಕರ ಕಾಟ ಇಲ್ಲ, ಪುಟದ ಮಿತಿ ಇಲ್ಲ, ಕಲರ್ ಫೋಟೋ ಹಾಕಿ ಪೇಪರ್ ಮಾರಬೇಕಾದ ದರ್ದೂ ಇಲ್ಲ. ಆದರೂ ಅದೇ ಟೆಂಪ್ಲೇಟು ಯಾಕೆ? ಮುಂದಿನ ಸಲ ಯಾವುದೇ ನಟಿಯ ಬಗ್ಗೆ ಬರೆಯುವಾಗ ಆಕೆಯ ಗಂಡಂದಿರನ್ನು ಎಣಿಸೋ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಆಕೆ ಯಾವ ಕೆಲಸ ಮಾಡಿದಳು? ಆ ಕೆಲಸಕ್ಕೆ ದಾರಿ ಹೇಗೆ ಸಿಕ್ಕಿತು, ಯಾರು ತಪ್ಪಿಸಿದರು? ಹೆದರಬೇಕಾದ ಹೊತ್ತಿನಲ್ಲಿ ಆಕೆ ಏನು ಮಾಡಿದಳು? ಇವಕ್ಕೆ ಉತ್ತರ ಬರೆದಾದ ಮೇಲೂ ಜಾಗ ಉಳಿದಿದ್ದರೆ, ಧಾರಾಳವಾಗಿ ಮದುವೆ ಎಣಿಸಿ.

ಬೈಯೋದಿದ್ದರೆ ಕಮೆಂಟಿನಲ್ಲಿ ಬೈರಿ. 'ಸುಂದರವಾದ ಬರಹ' ಅಂತ ಮಾತ್ರ ಹಾಕಿ ಹೋಗಬೇಡಿ, ದಯವಿಟ್ಟು :)