ಯಂತ್ರದ ಹೂಂಗುಟ್ಟುವಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತೀತು. ನ್ಯಾಯಬೆಲೆ ಅಂಗಡಿಯಲ್ಲಿ ಗಣಕಕ್ಕೆ ತಂತಿಯಿಂದ ಜೋಡಿಸಿದ, ಹೆಬ್ಬೆರಳನ್ನು ಓದುವ ಪುಟ್ಟ ಪೆಟ್ಟಿಗೆಗೂ ಇದೇ ಕಟ್ಟಳೆ. ಈ ಜೋಡಣೆಯ ಹೆಸರು ಯುಎಸ್‌ಬಿ. 1996ರಲ್ಲಿ ಹೊರಬಂದ ಇದನ್ನು ರೂಪಿಸಿದವರಲ್ಲಿ ವಡೋದರದಲ್ಲಿ ಓದಿದ ಅಜಯ್ ಭಟ್ಟರೂ ಒಬ್ಬರು.

ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ಗಣಕವು ಕೇಳದೆ ಬಾಯಿ ತೆರೆಯುವಂತಿಲ್ಲ. ಕೇಳಿದಾಗ ಅದರ ಬಳಿ ಮೂರು ಮಾತುಗಳಿವೆ. ‘ಆಕ್’ ಎಂದರೆ ತಲುಪಿತು. ‘ನ್ಯಾಕ್’ ಎಂದರೆ ಈಗ ಸಿದ್ಧವಿಲ್ಲ, ಮತ್ತೆ ಕೇಳು. ‘ಸ್ಟಾಲ್’ ಎಂದರೆ ದಾರಿ ಕಟ್ಟಿದೆ, ನೀನೇ ಬಿಡಿಸು. ಬಂದ ಮಾತು ದಾರಿಯಲ್ಲಿ ಕೆಟ್ಟಿದ್ದರೆ ಕೇಳಿದವನು ಮೌನ ವಹಿಸುತ್ತಾನೆ. ಆಗ ಗಣಕವು ಮತ್ತೆ ಯತ್ನಿಸುತ್ತದೆ. ಒಂದರ ಮೇಲೊಂದು ಮೂರು ಸಲ ಕೆಟ್ಟರೆ ಕೈಬಿಡುತ್ತದೆ. ನ್ಯಾಕ್‌ಗೆ ಮಾತ್ರ ಇಂಥ ಮಿತಿಯಿಲ್ಲ, ಬಿಡುವಿಲ್ಲವೆನ್ನುವುದು ತಪ್ಪಲ್ಲವಷ್ಟೆ!

ಹೂಂ ಎಂಬುದೇ ದಾರಿಯಲ್ಲಿ ಕಳೆದುಹೋದರೆ? ಪೆಟ್ಟಿಗೆಯು ಹೇಳಿದ್ದನ್ನೇ ಮತ್ತೆ ಹೇಳುವುದು ಸಹಜ. ಅದು ಎರಡು ಸಲ ಲೆಕ್ಕಕ್ಕೆ ಸೇರಬಾರದೆಂದು ಪ್ರತಿ ಕಂತಿಗೂ ಸೊನ್ನೆ, ಒಂದು, ಸೊನ್ನೆ, ಒಂದು ಎಂಬ ಗುರುತು ಹಾಕುತ್ತಾರೆ. ಅದೇ ಗುರುತು ಮರಳಿ ಬಂದರೆ ಗಣಕವು ಹೂಂ ಎಂದು, ಕಂತನ್ನು ಮಾತ್ರ ಎಸೆದುಬಿಡುತ್ತದೆ. ಬಹಳ ಜಾಣ ಏರ್ಪಾಡು. ಆದರೆ ಸ್ಟಾಲ್ ಬಿಡಿಸಿದ ಮೇಲೆ ಗುರುತು ಸೊನ್ನೆಯಿಂದಲೇ ಮೊದಲಾಗಬೇಕು. ಕ್ರಮವಿಧಿ ಬರೆದವರು ಇದನ್ನು ಮರೆತರೆ ಪೆಟ್ಟಿಗೆ ‘ಒಂದು’ ಎಂದು ಶುರುಮಾಡಬಹುದು; ಆಗ ಗಣಕವು ಹಳೆಯ ಕಂತೇ ಬಂತೆಂದು ಬಗೆದು, ಹೂಂಗುಟ್ಟಿ ಎಸೆಯುತ್ತದೆ. ಹೇಳಿದವನಿಗೆ ತೃಪ್ತಿ, ಕೇಳಿದವನಿಗೆ ಶೂನ್ಯ. ಮೌನಕ್ಕಿಂತ ಈ ಸುಳ್ಳು ಹೂಂ ಹೆಚ್ಚು ಅಪಾಯಕರ. ಏಕೆಂದರೆ ಎಲ್ಲಿಯೂ ತಪ್ಪು ಕಾಣಿಸದು. ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದಾಗ ಎಲ್ಲವೂ ಸರಿಹೋಗುವುದುಂಟು. ಆಗ ಪರಿಚಯವೇ ಹೊಸದಾಗಿ ನಡೆದು ಗುರುತುಗಳೆಲ್ಲ ಸೊನ್ನೆಗೆ ಮರಳುತ್ತವೆ.

ಹತ್ತಿ ಬಿಡಿಸಿ ಬೆರಳ ಗೆರೆ ಸವೆದ ಮುದುಕಿ ಅಕ್ಕಿಗಾಗಿ ಸರದಿಯಲ್ಲಿ ನಿಂತಿದ್ದಾಳೆಂದುಕೊಳ್ಳಿ. ಬೆರಳು ಹೊಂದದಿರುವುದು ಒಂದು ಸಂಗತಿ, ತಂತಿಯ ಮಾತು ಮುರಿದಿರುವುದು ಇನ್ನೊಂದು. ಎರಡಕ್ಕೂ ಪರದೆಯ ಮೇಲೆ ‘ವಿಫಲ’ ಎಂಬ ಒಂದೇ ಪದ ಮೂಡಿದರೆ, “ಯವ್ವಾ, ಕೈ ತೊಳಕೊಂಡು ಬಾ” ಎಂದು ಅಂಗಡಿಯವನು ಮೂರು ಸಲ ಅವಳನ್ನೇ ನಲ್ಲಿಗೆ ಕಳಿಸುತ್ತಾನೆ. ತಂತಿಯ ಕಡೆ ಅವನ ಕಣ್ಣೇ ಹೋಗದು.