ಹದಿನೆಂಟು ದಿನದ ಯಾತ್ರೆಗೆ ನಿಮ್ಮ ಪಾಲಿಗೆ ಒಂದೇ ಬ್ಯಾಗ್!

ಕಾಶಿ ಯಾತ್ರೆಗೆ ಟಿಕೆಟ್ ಬುಕ್ ಆಯ್ತು ಅಂದ ತಕ್ಷಣ ನಮ್ಮ ಗೃಹಿಣಿಯರ ತಲೆಯಲ್ಲಿ ಮೊದಲು ಬರೋದು ಏನು ಹೇಳಿ? ವಿಶ್ವನಾಥನೂ ಅಲ್ಲ, ಗಂಗೆಯೂ ಅಲ್ಲ. ಬೀರು! ಕಾಶಿ, ಪ್ರಯಾಗ, ಅಯೋಧ್ಯೆ, ಹರಿದ್ವಾರ, ಬರುವಾಗ ದೆಹಲಿ, ಆಗ್ರಾ... ಒಟ್ಟು ಹದಿನೆಂಟು ದಿನ. ದಿನಕ್ಕೊಂದು ಅಂದ್ರೂ ಹದಿನೆಂಟು ಸೀರೆ ಬೇಕಲ್ಲ! ದೇವಸ್ಥಾನಕ್ಕೆ ಎರಡು ಒಳ್ಳೇದು, ಚಳಿಗೆ ಸ್ವೆಟರ್, ಯಾವುದಕ್ಕೂ ಇರಲಿ ಅಂತ ಇನ್ನೆರಡು. ಕೊನೆಗೆ ಸೂಟ್‌ಕೇಸ್ ಮೇಲೆ ಮಗನನ್ನು ಕೂರಿಸಿ ಜಿಪ್ ಎಳೆಯುವುದು.

ಇದು ತೂಕದ ವಿಷಯ ಮಾತ್ರ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಕೂಲಿಯವನಿಗೆ ದುಡ್ಡು ಕೊಟ್ಟರೆ ಹೊರುತ್ತಾನೆ. ಆದರೆ ಗಮನಿಸಿ ನೋಡಿ, ಸ್ಟೇಷನ್ನಿನಲ್ಲಿ, ಘಾಟಿನ ಮೆಟ್ಟಿಲ ಮೇಲೆ, ದೇವಸ್ಥಾನದ ಹೊರಗೆ ನಾಲ್ಕೈದು ಬ್ಯಾಗ್‌ಗಳ ನಡುವೆ ಕೂತಿರುವವರು ಯಾರು? "ನೀವೆಲ್ಲ ಹೋಗಿ ಬನ್ನಿ, ನಾನು ಲಗೇಜ್ ನೋಡಿಕೊಳ್ತೀನಿ" ಅನ್ನುವವಳು ಮನೆಯ ಅಮ್ಮ. ಕಾಶಿ ವಿಶ್ವನಾಥನ ಗುಡಿಯೊಳಗೆ ಬ್ಯಾಗನ್ನೂ ಬಿಡುವುದಿಲ್ಲ, ಮೊಬೈಲನ್ನೂ ಬಿಡುವುದಿಲ್ಲ. ಲಾಕರ್‌ಗಳಿವೆ, ನಿಜ. ಆದರೆ ಸಾಮಾನು ಜಾಸ್ತಿ ಇದ್ದಷ್ಟೂ ಕಾಯುವವರು ಒಬ್ಬರು ಬೇಕೇ ಬೇಕು. ಸಂಸಾರ, ಮಕ್ಕಳ ಪರೀಕ್ಷೆ, ಅತ್ತೆ ಮಾವನ ಆರೋಗ್ಯ ಎಲ್ಲ ಮುಗಿಸಿ ಐವತ್ತು ದಾಟಿದ ಮೇಲೆ ಒಮ್ಮೆ ಹೊರಡುವ ಯಾತ್ರೆ ಇದು. ಅಲ್ಲಿಯೂ ಕಾವಲು ಕೆಲಸವೇ ಅಂದರೆ ಹೇಗೆ?

ಸ್ಲೀಪರ್ ಮತ್ತು ಮೂರು ಟೈರ್ ಎಸಿಯಲ್ಲಿ ಒಬ್ಬರಿಗೆ 40 ಕೆಜಿ ಲಗೇಜ್ ಉಚಿತ ಅಂತ ರೈಲ್ವೆ ನಿಯಮ ಇದೆ. ವಿಮಾನದಲ್ಲಾದರೆ ಸಾಮಾನ್ಯವಾಗಿ 15 ಕೆಜಿ, ಕೈಯಲ್ಲಿ 7. ಹಾಗಾಗಿ ರೈಲಿನಲ್ಲಿ ಹೋಗುವವರಿಗೆ ತುಂಬಲು ಧೈರ್ಯ ಹೆಚ್ಚು. ರೈಲು ಹೊರುತ್ತೆ, ಒಪ್ಪಿದೆ. ಇಳಿದ ಮೇಲೆ? ಗೋದೌಲಿಯಾ ದಾಟಿ ದಶಾಶ್ವಮೇಧ ಘಾಟಿನ ಕಡೆಯ ಗಲ್ಲಿಗಳಿಗೆ ಆಟೋ ಬರುವುದಿಲ್ಲ. ಎದುರಿಗೆ ಹಸು, ಹಿಂದೆ ಬೈಕು, ಕೆಳಗೆ ಒದ್ದೆ ಕಲ್ಲು. ಚಕ್ರದ ಸೂಟ್‌ಕೇಸ್ ಅಲ್ಲಿ ಉರುಳುವುದಿಲ್ಲ, ಎತ್ತಿಕೊಂಡೇ ನಡೀಬೇಕು. ಘಾಟಿನ ಮೆಟ್ಟಿಲಂತೂ ಕೇಳಲೇಬೇಡಿ. ಮಂಡಿ ನೋವಿನ ಗೆಳತಿಯರೇ, ನಿಮಗೇ ಹೇಳುತ್ತಿರುವುದು.

ಹಾಗಾದರೆ ಎಷ್ಟು ಬಟ್ಟೆ? ನನ್ನ ಲೆಕ್ಕ ಹೀಗಿದೆ: ಮೂರು ಸೀರೆ, ಮೂರು ಕುರ್ತಾ. ಅಷ್ಟೇ. ಅಯ್ಯೋ ಅನ್ನಬೇಡಿ, ಮುಂದೆ ಓದಿ.

ಸೀರೆಯಲ್ಲಿ ಎರಡು ಜಾರ್ಜೆಟ್ ಅಥವಾ ಅಂಥದ್ದೇ ಪ್ರಿಂಟೆಡ್ ಸಿಂಥೆಟಿಕ್ ಇರಲಿ. ಗಾಢ ಬಣ್ಣ, ಸಣ್ಣ ಹೂವಿನ ಪ್ರಿಂಟ್. ಕೊಳೆ ಕಾಣುವುದಿಲ್ಲ, ಇಸ್ತ್ರಿ ಬೇಡ, ರಾತ್ರಿ ಒಗೆದರೆ ಬೆಳಿಗ್ಗೆ ಒಣಗಿರುತ್ತೆ. ಕಾಟನ್ ಸೀರೆ ನನಗೂ ಇಷ್ಟ, ಮನೆಯಲ್ಲಿ ಅದನ್ನೇ ಉಡುತ್ತೇನೆ. ಆದರೆ ಅದು ನೀರು ಕುಡಿದರೆ ಬಿಡೋದಿಲ್ಲ. ಉತ್ತರ ಭಾರತದ ಡಿಸೆಂಬರ್ ಚಳಿಯಲ್ಲಿ, ಬಿಸಿಲೇ ಕಾಣದ ಮಂಜಿನಲ್ಲಿ ಎರಡು ದಿನವಾದರೂ ಒಣಗದೆ ವಾಸನೆ ಹಿಡಿಯುತ್ತೆ. ಗಂಜಿ ಹಾಕಿದ್ದಾದರೆ ಒಮ್ಮೆ ಉಟ್ಟು ರೈಲಿನಲ್ಲಿ ಕೂತರೆ ಮುಗೀತು, ಮುದ್ದೆ. ಮೂರನೆಯದು ರೇಷ್ಮೆ. ಜರಿ ತುಂಬಿದ ಕಾಂಚೀಪುರ ಬೇಡ, ನಮ್ಮ ಮೈಸೂರು ಕ್ರೇಪ್ ಸಾಕು. ಮಡಚಿದರೆ ಅಂಗೈ ಅಗಲ ಆಗುತ್ತೆ, ನೆರಿಗೆ ನಿಲ್ಲುತ್ತೆ, ಪೂಜೆಗೂ ಆಯ್ತು, ದಾರಿಯಲ್ಲಿ ನೆಂಟರ ಮನೆಗೆ ಊಟಕ್ಕೆ ಹೋಗುವುದಕ್ಕೂ ಆಯ್ತು. ಮಡಿ ಅಂತ ಇರುವ ಅತ್ತೆಯವರು ಜೊತೆಗಿದ್ದರೆ ಅವರಿಗೂ ತೆಳು ರೇಷ್ಮೆಯೇ ಅನುಕೂಲ.

ಈಗ ಬ್ಲೌಸ್ ವಿಷಯ. ನಿಜವಾದ ಗುಟ್ಟು ಇರೋದು ಇಲ್ಲೇ! ಪ್ರತಿ ಸೀರೆಗೂ ಅದರದ್ದೇ ಮ್ಯಾಚಿಂಗ್ ಬ್ಲೌಸ್, ಮ್ಯಾಚಿಂಗ್ ಲಂಗ ಅಂತ ಹೊರಟರೆ ಒಂದು ಸೀರೆ ಅಂದರೆ ಮೂರು ಬಟ್ಟೆ. ಅದರ ಬದಲು ಮೊದಲು ಎರಡು ಬ್ಲೌಸ್ ಆರಿಸಿ, ಒಂದು ಕಪ್ಪು, ಇನ್ನೊಂದು ಮರೂನ್ ಅಥವಾ ಹಳೆ ಚಿನ್ನದ ಬಣ್ಣದ್ದು. ಅವೆರಡಕ್ಕೂ ಹೊಂದುವ ಸೀರೆ ಮಾತ್ರ ಬೀರುವಿನಿಂದ ಹೊರಗೆ ಬರಬೇಕು. ಲಂಗವೂ ಎರಡೇ, ಕಡು ಬಣ್ಣದ್ದು. ಬೆವರುವ ಊರುಗಳಿಗೆ ಬೇಸಿಗೆಯಲ್ಲಿ ಹೋಗುವವರು ಬ್ಲೌಸ್ ಮಾತ್ರ ಇನ್ನೊಂದು ಇಟ್ಟುಕೊಳ್ಳಿ, ತಪ್ಪಿಲ್ಲ.

ಕುರ್ತಾ ಮೂರು, ಪ್ಯಾಂಟ್ ಎರಡು, ದುಪಟ್ಟಾ ಎರಡು. ಎಲ್ಲವೂ ಒಂದಕ್ಕೊಂದು ಹೊಂದುವಂತಿದ್ದರೆ ಮೂರು ಎರಡಲ ಆರು, ಆರೆರಡಲ ಹನ್ನೆರಡು ಥರ ಹಾಕಬಹುದು. ಲೆಕ್ಕ ಸರಿ ತಾನೇ? ಬೆಂಗಳೂರಿನಿಂದ ಕಾಶಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಹಗಲು, ಎರಡು ರಾತ್ರಿ. ಸೀರೆ ಉಟ್ಟುಕೊಂಡು ಮೇಲಿನ ಬರ್ತ್ ಹತ್ತುವ ಕಷ್ಟ ಹತ್ತಿದವರಿಗೇ ಗೊತ್ತು. "ನಾನು ಚೂಡಿದಾರ್ ಹಾಕೋದೇ ಇಲ್ಲಪ್ಪ" ಅನ್ನುವ ಗೆಳತಿಯರು ರೈಲಿನ ಮಟ್ಟಿಗಾದರೂ ಹಾಕಿ ನೋಡಿ. ಅಲ್ಲಿ ನಿಮ್ಮನ್ನು ನೋಡಿ ನಗುವ ನಾದಿನಿ ಯಾರೂ ಇರೋದಿಲ್ಲ! ದುಪಟ್ಟಾ ಬಿಸಿಲಿಗೆ ತಲೆಗೆ ಆಗುತ್ತೆ, ಗುರುದ್ವಾರಕ್ಕೆ ಹೋದರೆ ತಲೆ ಮುಚ್ಚಲೇಬೇಕು, ಅದಕ್ಕೂ ಆಗುತ್ತೆ. ಗಂಗಾಸ್ನಾನಕ್ಕೆ ಹಳೆಯ, ಕಡು ಬಣ್ಣದ ಕುರ್ತಾವನ್ನೇ ಬಳಸಿ. ಬಿಳಿ ಬೇಡ, ತೆಳುವೂ ಬೇಡ. ಒದ್ದೆಯಾದ ಮೇಲೆ ಮುಜುಗರ. ಒದ್ದೆ ಬಟ್ಟೆ ತರೋಕೆ ಒಂದು ಪ್ಲಾಸ್ಟಿಕ್ ಕವರ್ ಕೈಚೀಲದಲ್ಲಿರಲಿ.

ಚಳಿಗೆ ದಪ್ಪ ಕೋಟು ಒಂದರ ಬದಲು ತೆಳು ಬಟ್ಟೆ ಮೂರು ಪದರ ಹಾಕುವುದು ಮೇಲು. ಒಳಗೊಂದು ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೆ ಶಾಲು. ಪದರಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತೆ, ಬಿಸಿಲೇರಿದ ಹಾಗೆ ಒಂದೊಂದೇ ತೆಗೆಯಬಹುದು. ಸೀರೆಯ ಒಳಗೆ ಥರ್ಮಲ್ ಪ್ಯಾಂಟ್ ಹಾಕಿದ್ದು ಯಾರಿಗೂ ಕಾಣೋದಿಲ್ಲ. ಶಾಲು ರಾತ್ರಿ ಹೊದಿಕೆ, ರೈಲಿನಲ್ಲಿ ಸುತ್ತಿಟ್ಟರೆ ದಿಂಬು. ಚಪ್ಪಲಿ ಎರಡು ಜೊತೆ: ಹಿಂದೆ ಪಟ್ಟಿ ಇರುವುದು ಕಾಲಿನಲ್ಲಿ, ಹವಾಯಿ ಬ್ಯಾಗಿನಲ್ಲಿ.

ಇಷ್ಟೆಲ್ಲ ಸಾಧ್ಯ ಆಗೋದು ಒಗೆಯುವುದರಿಂದ. ದಿನಾ ಸ್ನಾನದ ಜೊತೆಗೇ ಎರಡು ಬಟ್ಟೆ ಅದ್ದಿ ತೆಗೆದರೆ ರಾಶಿ ಬೀಳುವುದಿಲ್ಲ. ಬಟ್ಟೆ ಸೋಪಿನ ಅರ್ಧ ತುಂಡು, ನಾಲ್ಕು ಮೀಟರ್ ನೈಲಾನ್ ಹಗ್ಗ, ಎಂಟು ಕ್ಲಿಪ್. ಹಿಂಡಿದ ಬಟ್ಟೆಯನ್ನು ಒಣಗಿದ ಟವೆಲ್ ಮೇಲೆ ಹರಡಿ, ಚಾಪೆಯ ಹಾಗೆ ಸುರುಳಿ ಸುತ್ತಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ. ಉಳಿದ ನೀರನ್ನು ಟವೆಲ್ ಎಳೆದುಕೊಳ್ಳುತ್ತೆ, ಒಣಗಲು ಅರ್ಧ ಹೊತ್ತು ಸಾಕು. ದಪ್ಪ ಟರ್ಕಿ ಟವೆಲ್ ಮನೆಯಲ್ಲೇ ಇರಲಿ, ಪಾಣಿಪಂಚೆ ಒಯ್ಯಿರಿ. ಕಾಶಿಯಲ್ಲಿ ತಾರಸಿ ಮೇಲೆ ಒಣಹಾಕುವವರಿಗೆ ಒಂದು ಮಾತು: ಅಲ್ಲಿನ ಕೋತಿಗಳಿಗೆ ಬಣ್ಣದ ಬಟ್ಟೆ ಬಹಳ ಪ್ರೀತಿ. ಕೋಣೆಯೊಳಗೇ ಹಗ್ಗ ಕಟ್ಟಿ.

"ಆದರೆ ಎಲ್ಲ ಫೋಟೋದಲ್ಲೂ ಅದೇ ಸೀರೆ ಬರುತ್ತಲ್ಲ!" ಬಂತು ನೋಡಿ ಅಸಲಿ ಮಾತು. ನಮ್ಮ ಸೂಟ್‌ಕೇಸಿನಲ್ಲಿ ಅರ್ಧ ತೂಕ ಈ ಫೋಟೋದ್ದೇ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರೆ ಓರಗಿತ್ತಿ ಏನಂದುಕೊಳ್ಳುತ್ತಾಳೋ ಅಂತ. ಯಜಮಾನರು ಹದಿನೆಂಟು ದಿನವೂ ಅದೇ ನೀಲಿ ಚೆಕ್ಸ್ ಶರ್ಟಿನಲ್ಲಿ ನಿಂತಿರುತ್ತಾರೆ, ಅವರನ್ನು ಯಾರಾದರೂ ಕೇಳಿದ್ದಾರಾ? ನಿಮಗೆ ಅಷ್ಟು ಮನಸ್ಸಿದ್ದರೆ ಶಾಲು, ದುಪಟ್ಟಾ, ಸರ ಬದಲಿಸಿ, ಬೇರೆ ಥರಾನೇ ಕಾಣುತ್ತೆ. ಸರ ಅಂದರೆ ಮಣಿಸರ. ಚಿನ್ನ ಮನೆಯಲ್ಲೋ ಲಾಕರಿನಲ್ಲೋ ಇರಲಿ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನಿಮ್ಮ ಬ್ಯಾಗು ಭಾರವಾಗೋದು ನಿಮ್ಮ ಬಟ್ಟೆಯಿಂದ ಮಾತ್ರವಲ್ಲ. ಗಂಡನ ಶೇವಿಂಗ್ ಸೆಟ್, ಮಗನ ಚಾರ್ಜರ್, ಮಗಳ ಹೇರ್ ಡ್ರೈಯರ್, ಎಲ್ಲರ ಟವೆಲ್ಲು, ಎಲ್ಲರ ಮಾತ್ರೆ... "ಅಮ್ಮನ ಬ್ಯಾಗಲ್ಲಿ ಜಾಗ ಇದೆ" ಅಂತ ಒಂದೊಂದೇ ಬಂದು ಬೀಳುತ್ತವೆ. ನೀವು ಕಷ್ಟಪಟ್ಟು ಎರಡು ಸೀರೆ ಕಡಿಮೆ ಮಾಡಿದ ಜಾಗಕ್ಕೆ ಅವರ ಜೀನ್ಸ್ ಬಂದು ಕೂರುತ್ತೆ! ಅದಕ್ಕೇ ಹೊರಡುವ ಒಂದು ವಾರ ಮೊದಲೇ ಒಬ್ಬೊಬ್ಬರ ಕೈಗೂ ಒಂದೊಂದು ಬ್ಯಾಗ್ ಕೊಟ್ಟುಬಿಡಿ. ಅವರವರ ಸಾಮಾನು ಅವರವರೇ ತುಂಬಿ, ಅವರವರೇ ಹೊರಲಿ. ಏನಾದರೂ ಮರೆತರೆ ಮರೆಯಲಿ. ಬ್ರಷ್ಷು, ಸೋಪು ಕಾಶಿಯಲ್ಲೂ ಸಿಗುತ್ತೆ, ಪ್ಯಾಡ್ ಕೂಡ. ಬಿಪಿ, ಸಕ್ಕರೆ ಮಾತ್ರೆ ಮಾತ್ರ ಮರೆಯುವ ಹಾಗಿಲ್ಲ. ಡಾಕ್ಟರ ಚೀಟಿಯ ಜೊತೆ ಅದು ತೆಗೆದುಕೊಳ್ಳುವವರ ಕೈಚೀಲದಲ್ಲೇ ಇರಲಿ.

ಕುರುಕಲು ತಿಂಡಿಯ ಡಬ್ಬಕ್ಕೆ ನಾನು ಬೇಡ ಅನ್ನುವುದಿಲ್ಲ. ಚಟ್ನಿಪುಡಿ, ಹುರಿದ ಅವಲಕ್ಕಿ ಇಲ್ಲದೆ ನಮಗೆ ಪ್ರಯಾಣ ಆಗದು. ಆದರೆ ಸ್ಟೀಲ್ ಡಬ್ಬ ಬಿಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ತಿಂದ ಹಾಗೆ ಜಾಗ ಖಾಲಿಯಾಗುತ್ತೆ. ಆ ಜಾಗ ಬರುವಾಗ ಬೇಕು. ಬನಾರಸ್‌ಗೆ ಹೋಗಿ ಸೀರೆ ತರದೆ ಬರುತ್ತೀರಾ? ನಂಬೋಣ! ಹೋಗುವಾಗಲೇ ಮೂರನೇ ಒಂದು ಭಾಗ ಖಾಲಿ ಬಿಟ್ಟಿರಿ. ಗಂಗಾಜಲದ ತಂಬಿಗೆ ಮನೆಗೊಂದು, ಪಕ್ಕದ ಮನೆಗೊಂದು ಅಂತ ಹತ್ತು ಹೊರಬೇಡಿ. ಲೀಟರ್ ನೀರು ಅಂದರೆ ಒಂದು ಕೆಜಿ. 2016ರಲ್ಲಿ ಅಂಚೆ ಇಲಾಖೆಯೇ ಗಂಗಾಜಲ ಮಾರಲು ಶುರು ಮಾಡಿತು. ಖರೀದಿ ಕೈಮೀರಿದರೆ ಅಲ್ಲಿಂದಲೇ ಸ್ಪೀಡ್ ಪೋಸ್ಟ್‌ನಲ್ಲಿ ಪಾರ್ಸೆಲ್ ಮಾಡಿ, ನಿಮಗಿಂತ ಮೊದಲೇ ಮನೆ ಸೇರಿದರೂ ಸೇರಬಹುದು.

ಹೊರಡುವ ಎರಡು ದಿನ ಮೊದಲು ಬ್ಯಾಗ್ ಪೂರ್ತಿ ತುಂಬಿ, ಹೆಗಲಿಗೇರಿಸಿ, ಮನೆಯ ತಾರಸಿಗೆ ಎರಡು ಸಲ ಹತ್ತಿ ಇಳಿದು ನೋಡಿ. ಯಾರ ಸಹಾಯವೂ ಬೇಡ. ಮಧ್ಯೆ ನಿಂತು ಉಸಿರು ತೆಗೆದುಕೊಳ್ಳಬೇಕು ಅನ್ನಿಸಿದರೆ ಕೆಳಗೆ ಬಂದು ಜಿಪ್ ಬಿಚ್ಚಿ, "ಯಾವುದಕ್ಕೂ ಇರಲಿ" ಅಂತ ಕೊನೇ ಗಳಿಗೆಯಲ್ಲಿ ತುರುಕಿದ್ದನ್ನೆಲ್ಲ ಹೊರಗಿಡಿ. ಆಮೇಲೆ ಇನ್ನೊಂದು ಸಲ ಹತ್ತಿ.