ಬಂಡೆಯೇರುವ ಬಂಡಿಗಳು

ನೆಟ್ಟನೆಯ ರಸ್ತೆಯೊಂದಿರಲು ಅದನ್ನು ಬಿಟ್ಟು ಕಲ್ಲುಬಂಡೆಗಳ ಮೇಲೆ ಮೋಟಾರನ್ನು ಹತ್ತಿಸಲು ಹೆಣಗುವವರನ್ನು ಕಂಡು ವ್ಯವಹಾರಜ್ಞರು ನಗುವುದು ಸಹಜವೇ ಆಗಿದೆ. ಹತ್ತು ಗಜದ ದಾರಿಗೆ ಅರ್ಧ ಗಂಟೆ, ಮುರಿದ ಅಚ್ಚನ್ನು ಸರಿಪಡಿಸಲು ಇಡೀ ಒಂದು ದಿನ. ಇಷ್ಟೆಲ್ಲ ಕಷ್ಟಪಟ್ಟು ಇವರು ತಲುಪುವುದಾದರೂ ಎಲ್ಲಿಗೆ ಎಂದು ಅವರು ಕೇಳುತ್ತಾರೆ. ಪ್ರಶ್ನೆಯೇನೋ ನ್ಯಾಯವಾದುದು. ಆದರೆ ಈ ವಿನೋದವು ಅಮೇರಿಕೆಯಲ್ಲಿ ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಬೇರೂರಿ ನಿಂತಿದೆ. ನಮ್ಮ ಮಲೆನಾಡಿನ ತರುಣರಲ್ಲಿಯೂ ಇದರ ಅಭಿರುಚಿ ಹಬ್ಬಿದೆ. ಆದುದರಿಂದ ಇದನ್ನು ನಗೆಯಿಂದಲೋ ನಿಷೇಧದಿಂದಲೋ ಮುಗಿಸಿಬಿಡುವಂತಿಲ್ಲ. ಇದರ ಗುಣವೇನು, ದೋಷವೇನು, ಸರಕಾರದ ಕರ್ತವ್ಯವೇನು, ತರುಣರ ಹೊಣೆಯೇನು ಎಂಬುದನ್ನು ನಿಷ್ಪಕ್ಷಪಾತವಾಗಿ ವಿಚಾರಿಸುವುದು ಅವಶ್ಯವಾಗಿದೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ರಾಕ್ ಕ್ರಾಲಿಂಗ್’ ಎಂದು ಹೆಸರು. ಬಂಡೆಯ ಮೇಲೆ ತೆವಳುವುದು ಎಂದರ್ಥ. ಹೆಸರೇ ಸೂಚಿಸುವಂತೆ ಇದರಲ್ಲಿ ವೇಗಕ್ಕೆ ಮನ್ನಣೆಯಿಲ್ಲ. ಬಂಡಿಯು ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ಚಲಿಸಬೇಕು. ಯಾವ ಚಕ್ರ ಯಾವ ಕಲ್ಲಿನ ಮೇಲೆ ಕೂರಬೇಕೆಂಬುದನ್ನು ಅಂಗುಲ ಅಂಗುಲವಾಗಿ ನಿಶ್ಚಯಿಸಬೇಕು. ಗೆಳೆಯನೊಬ್ಬನು ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಬೇಕು. ಚಾಲಕನು ಅವನಲ್ಲಿ ಪೂರ್ಣ ವಿಶ್ವಾಸವಿಟ್ಟು ನಡೆಯಬೇಕು. ಇಲ್ಲಿ ಆತುರಗೊಂಡವನು ಬಂಡಿಯನ್ನು ಮುರಿದುಕೊಳ್ಳುವನು, ಗರ್ವಪಟ್ಟವನು ಮಗುಚಿಬೀಳುವನು. ಹೆದ್ದಾರಿಗಳಲ್ಲಿ ವೇಗದ ಮದವೇರಿ ತಮ್ಮ ಮತ್ತು ಪರರ ಪ್ರಾಣವನ್ನು ಕಳೆಯುವವರಿರುವ ಈ ಕಾಲದಲ್ಲಿ, ನಿಧಾನವನ್ನೇ ವ್ರತವಾಗಿಸಿಕೊಂಡ ಮೋಟಾರು ವಿನೋದವೊಂದು ಇರುವುದೆಂಬುದೇ ಗಮನಿಸತಕ್ಕ ವಿಷಯ.

ಎರಡನೆಯದಾಗಿ, ಇದು ಕೈಕೆಲಸದ ವಿದ್ಯೆ. ಸಾಧಾರಣ ಮೋಟಾರಿನಲ್ಲಿ, ತಿರುವುಗಳಲ್ಲಿ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ಡಿಫರೆನ್ಷಿಯಲ್ ಎಂಬ ಯಂತ್ರವನ್ನಿಟ್ಟಿರುತ್ತಾರೆ. ರಸ್ತೆಯಲ್ಲಿ ಉಪಕಾರಿಯಾದ ಅದೇ ಏರ್ಪಾಡು ಬಂಡೆಯ ಮೇಲೆ ಶತ್ರುವಾಗುವುದು. ಒಂದು ಚಕ್ರವು ನೆಲಬಿಟ್ಟು ಮೇಲೆದ್ದರೆ ಅದೊಂದೇ ವ್ಯರ್ಥವಾಗಿ ಗಿರ್ರನೆ ತಿರುಗಿ, ಬಂಡಿ ಇದ್ದಲ್ಲಿಯೇ ನಿಲ್ಲುವುದು. ಆದುದರಿಂದ ಎರಡು ಚಕ್ರಗಳನ್ನೂ ಒಂದಾಗಿ ಬಿಗಿಯುವ ‘ಲಾಕರ್’ ಬೇಕು. ಇಂಜಿನಿನ ಓಟವನ್ನು ಇಳಿಸಿ ಬಲವನ್ನು ಏರಿಸುವ ಗೇರುಗಳು ಬೇಕು. ರುಬಿಕಾನ್ ಎಂಬ ದುರ್ಗಮ ಮಾರ್ಗದ ಹೆಸರನ್ನೇ ಹೊತ್ತು 2003ರಲ್ಲಿ ಹೊರಟ ಜೀಪಿನ 2007ರ ಮಾದರಿಯಲ್ಲಿ, ಚಕ್ರವು ಒಂದು ಸುತ್ತು ಬರಲು ಇಂಜಿನ್ ಸುಮಾರು 73 ಸುತ್ತು ತಿರುಗುವಂತೆ ಗೇರುಗಳನ್ನು ಜೋಡಿಸಿದ್ದರೆಂದರೆ ಇದರ ಮರ್ಮ ತಿಳಿದೀತು. ಟಯರುಗಳ ಗಾಳಿಯನ್ನು ಬಹಳಮಟ್ಟಿಗೆ ಇಳಿಸಿದಾಗ ರಬ್ಬರು ಕಲ್ಲನ್ನು ಅಂಗೈಯಂತೆ ಹಿಡಿಯುತ್ತದೆ. ಮಗುಚಿದರೆ ತಲೆಯನ್ನು ಕಾಯಲು ಉಕ್ಕಿನ ಕೊಳವೆಗಳ ಪಂಜರವಿರಬೇಕು. ಇವುಗಳಲ್ಲಿ ಹೆಚ್ಚಿನವನ್ನು ಹವ್ಯಾಸಿಗಳು ತಾವೇ ಕತ್ತರಿಸಿ, ಬೆಸೆದು, ಪರೀಕ್ಷಿಸಿ, ಸೋತು, ಮತ್ತೆ ಕಟ್ಟುವರು. ಬೆಂಗಳೂರಿನ ಶಿವಾಜಿನಗರದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿ ತಂದ ಗೇರುಪೆಟ್ಟಿಗೆಯನ್ನು ಬಿಚ್ಚಿ ಜೋಡಿಸುವ ತರುಣನು, ಪುಸ್ತಕವನ್ನು ಮಾತ್ರ ಓದಿದ ಪದವೀಧರನಿಗಿಂತ ಯಂತ್ರವನ್ನು ಚೆನ್ನಾಗಿ ಬಲ್ಲನು. ಕೈ ಕೆಸರಾಗುವ ವಿದ್ಯೆಯನ್ನು ಕೀಳೆಂದು ಎಣಿಸುವ ದುರಭ್ಯಾಸವಿರುವ ನಮ್ಮ ಸಮಾಜಕ್ಕೆ ಇದೊಂದು ಮದ್ದೇ ಸರಿ.

ಈ ವಿನೋದದ ತಾಯಿಬೇರು ಜೀಪು. 1940ರಲ್ಲಿ ಅಮೇರಿಕೆಯ ಸೈನ್ಯಕ್ಕಾಗಿ ಬ್ಯಾಂಟಮ್ ಕಂಪನಿಯವರು ಇದರ ಮೊದಲ ಮಾದರಿಯನ್ನು ಕಟ್ಟಿದರು. ಯುದ್ಧಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅವು ಜನಸಾಮಾನ್ಯರ ಕೈಗೆ ಬಂದವು. ಕ್ಯಾಲಿಫೋರ್ನಿಯದ ಸಿಯರಾ ನೆವಾಡ ಪರ್ವತಗಳಲ್ಲಿ, ಟಾಹೊ ಸರೋವರದ ಪಶ್ಚಿಮಕ್ಕೆ, ರುಬಿಕಾನ್ ಎಂಬ ಸುಮಾರು 22 ಮೈಲಿಗಳ ಹಳೆಯ ಮಾರ್ಗವೊಂದುಂಟು. 1953ರಲ್ಲಿ ಜಾರ್ಜ್‌ಟೌನ್ ಎಂಬ ಚಿಕ್ಕ ಊರಿನವರು ಐವತ್ತೈದು ಜೀಪುಗಳ ಯಾತ್ರೆಯೊಂದನ್ನು ಈ ದಾರಿಯಲ್ಲಿ ನಡೆಯಿಸಿದರು. ಅಲ್ಲಿಂದೀಚೆಗೆ ರುಬಿಕಾನ್ ಈ ವಿನೋದದ ತೀರ್ಥಸ್ಥಳವಾಯಿತು. ಯೂಟಾ ಸಂಸ್ಥಾನದ ಮೋಆಬ್ ಊರಿನಲ್ಲಿ ಯುರೇನಿಯಂ ಅರಸಿ ಹೋದವರು ತೋಡಿದ ದಾರಿಗಳಿದ್ದವು. 1967ರಿಂದ ಅಲ್ಲಿಯೂ ಈಸ್ಟರ್ ಹಬ್ಬದ ಜೀಪುಯಾತ್ರೆ ಆರಂಭವಾಯಿತು.

ಇಷ್ಟು ಗುಣಪಕ್ಷ. ದೋಷಪಕ್ಷವನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಜನ ಹೆಚ್ಚಿದಂತೆ ರುಬಿಕಾನ್ ಮಾರ್ಗವು ಹೊಲಸಾಗುತ್ತ ಬಂದಿತು. ಬಂಡೆಗೆ ತಾಗಿ ಒಡೆದ ಇಂಜಿನುಗಳ ಎಣ್ಣೆ ನೆಲಕ್ಕಿಳಿಯಿತು. ಚಕ್ರಗಳು ಕೆದಕಿದ ಮಣ್ಣು ಹಳ್ಳಗಳನ್ನು ಸೇರಿತು. ಸಹಸ್ರಾರು ಜನರು ಬೀಡುಬಿಟ್ಟರೂ ಶೌಚದ ವ್ಯವಸ್ಥೆ ಸಾಲದಾಯಿತು. 2004ರಲ್ಲಿ ಮಾನವಮಲದ ಕಾರಣದಿಂದಲೇ ಸ್ಪೈಡರ್ ಸರೋವರದ ಸುತ್ತಲಿನ ಸ್ಥಳವನ್ನು ಮುಚ್ಚಬೇಕಾಯಿತು. 2009ರಲ್ಲಿ ಆ ಪ್ರಾಂತದ ಜಲಶುದ್ಧಿ ಮಂಡಲಿಯು ಕೌಂಟಿಯ ಆಡಳಿತಕ್ಕೂ ಅರಣ್ಯ ಇಲಾಖೆಗೂ, ಈ ಮಾಲಿನ್ಯವನ್ನು ತೊಡೆದುಹಾಕಬೇಕೆಂದು ಕಟ್ಟಪ್ಪಣೆ ಮಾಡಿತು. ದಾರಿಯೇ ಶಾಶ್ವತವಾಗಿ ಮುಚ್ಚಿಹೋಗುವ ಭಯ ತಲೆದೋರಿತು.

ಆಗ ಅಲ್ಲಿನ ಹವ್ಯಾಸಿಗಳು ಮಾಡಿದುದನ್ನು ನಮ್ಮವರು ಮನಸ್ಸಿಟ್ಟು ಕೇಳಬೇಕು. ಅವರು ಬರಿದೆ ಹಕ್ಕಿನ ಕೂಗೆಬ್ಬಿಸಿ ಸುಮ್ಮನಾಗಲಿಲ್ಲ. 2001ರಲ್ಲಿಯೇ ಏರ್ಪಟ್ಟಿದ್ದ ಸ್ವಯಂಸೇವಕರ ಸಂಘವು ಗುದ್ದಲಿ ಹಿಡಿದು ಮಾರ್ಗದ ನೀರು ಹರಿಯುವ ಕಾಲುವೆಗಳನ್ನು ತಿದ್ದಿತು. ಚೆಲ್ಲಿದ ಎಣ್ಣೆಯನ್ನು ಹೀರುವ ಬಟ್ಟೆಗಳನ್ನು ಒಯ್ಯಬೇಕೆಂದೂ, ತಮ್ಮ ಮಲವನ್ನು ಚೀಲದಲ್ಲಿ ಕಟ್ಟಿ ಹಿಂದಕ್ಕೆ ತರಬೇಕೆಂದೂ ಯಾತ್ರಿಕರಿಗೆ ಬೋಧಿಸಿತು. ಹಳ್ಳವನ್ನು ತುಳಿಯದಂತೆ ಸೇತುವೆ ಕಟ್ಟಲಾಯಿತು. ಅದರ ಫಲವಾಗಿ ಮಾರ್ಗವು ಉಳಿಯಿತು. ಭೋಗಿಸುವವನೇ ಕಾಪಾಡುವವನೂ ಆದಾಗ ಮಾತ್ರ ಹಕ್ಕು ನಿಲ್ಲುವುದೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸ್ವಾತಂತ್ರ್ಯವೆಂದರೆ ಸ್ವಯಂನಿಯಮನ ಎಂದು ನಮ್ಮ ಹಿರಿಯರು ಹೇಳಿದುದೂ ಇದನ್ನೇ ಅಲ್ಲವೆ?

ಇನ್ನು ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಜೀಪು ನಮಗೆ ಹೊಸದಲ್ಲ. ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಕಂಪನಿಯು 1940ರ ದಶಕದ ಕೊನೆಯಲ್ಲಿಯೇ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಕೊಡಗು, ಸಕಲೇಶಪುರ, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ಆಳುಗಳನ್ನೂ ಗೊಬ್ಬರವನ್ನೂ ಹೊತ್ತುದು ಅದೇ ಜೀಪು. ಕೊಡಚಾದ್ರಿಯ ಕೊರಕಲು ದಾರಿಯಲ್ಲಿ ಪ್ರವಾಸಿಗಳನ್ನು ಕುಲುಕಾಡಿಸುತ್ತ ಮೇಲಕ್ಕೆ ಒಯ್ಯುವುದೂ ಜೀಪೇ. ತೋಟದ ಕೆಸರಿನಲ್ಲಿ ಬಂಡಿಯನ್ನು ನಡೆಸುತ್ತ ಬೆಳೆದ ಮಲೆನಾಡಿನ ಚಾಲಕನ ಜಾಣ್ಮೆಗೆ ಯಾವ ದೇಶದವನೂ ತಲೆಬಾಗಬೇಕು. ನೆರೆಯ ಗೋವೆಯಲ್ಲಿ 2014ರಲ್ಲಿ ‘ರೇನ್‌ಫಾರೆಸ್ಟ್ ಚಾಲೆಂಜ್’ ಎಂಬ ಪಂದ್ಯ ಮೊದಲಾದ ಮೇಲೆ ಈ ಉತ್ಸಾಹವು ಇಮ್ಮಡಿಸಿತು.

ಆದರೆ ಉತ್ಸಾಹಕ್ಕೆ ತಕ್ಕ ನೆಲೆಯಿಲ್ಲ. ನೆಲೆಯಿಲ್ಲದ ಉತ್ಸಾಹವು ಸಿಕ್ಕಲ್ಲಿ ನುಗ್ಗುವುದು. ಮಳೆಗಾಲದಲ್ಲಿ ಹಳ್ಳದ ಪಾತ್ರವನ್ನೇ ಪಂದ್ಯದ ಅಂಗಳವಾಗಿ ಮಾಡಿಕೊಳ್ಳುವವರುಂಟು. ಶೋಲಾಕಾಡಿನ ನೆತ್ತಿಯ ಹುಲ್ಲುಗಾವಲಿನ ಮೇಲೆ ಚಕ್ರದ ಗೀರುಗಳನ್ನು ಎಳೆಯುವವರುಂಟು. ಆ ಹುಲ್ಲುಗಾವಲು ಬರಿಯ ಬಯಲಲ್ಲ. ಆಕಾಶದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಮೆಲ್ಲಗೆ ಬಿಡುವ ನಾಡಿನ ನೀರುಗೂಡು ಅದು. ಕಾವೇರಿ, ಹೇಮಾವತಿ, ತುಂಗೆ, ಭದ್ರೆಯರು ಹುಟ್ಟುವುದು ಪಶ್ಚಿಮಘಟ್ಟದ ಈ ಮಡಿಲಿನಲ್ಲಿಯೇ. ಒಮ್ಮೆ ಗೀರಿದ ಇಳಿಜಾರಿನಲ್ಲಿ ಮುಂದಿನ ಮಳೆಯು ತನ್ನ ಕಾಲುವೆಯನ್ನು ತಾನೇ ತೋಡುವುದು, ಮೇಲ್ಮಣ್ಣು ಕೊಚ್ಚಿಹೋಗುವುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆತೋಟಗಳನ್ನು ನುಂಗಿದುದನ್ನು ಕಣ್ಣಾರೆ ಕಂಡ ನಾವು, ಇಳಿಜಾರಿನ ಮಣ್ಣಿನೊಡನೆ ಆಟವಾಡುವುದನ್ನು ಯಾವ ಮುಖದಿಂದ ಸಮರ್ಥಿಸೋಣ? ಅಭಯಾರಣ್ಯಗಳನ್ನು ಅಪ್ಪಣೆಯಿಲ್ಲದೆ ಹೊಗುವುದು 1972ರ ವನ್ಯಜೀವಿ ರಕ್ಷಣಾ ಶಾಸನಕ್ಕೆ ವಿರುದ್ಧವೆಂಬುದನ್ನಂತೂ ಬೇರೆ ಹೇಳಬೇಕಾಗಿಲ್ಲ.

ಇತ್ತ ಶಾಸನವು ಬಂಡಿಯನ್ನೇ ಅಪರಾಧಿಯೆಂದು ಎಣಿಸುತ್ತಿದೆ. ತಯಾರಕರ ಮೂಲ ಲಕ್ಷಣಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನಿರ್ಣಯಿಸಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಶಾಸನದಂತೆ, ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸೆರೆಮನೆ, ಅಥವಾ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ಸಾರ್ವಜನಿಕ ರಸ್ತೆಗಳ ಮಟ್ಟಿಗೆ ಇದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಮನೆಯಂಗಳದಲ್ಲಿ ಬೆಸೆದ ಅಚ್ಚಿನ ಬಂಡಿಯು ಶಾಲೆಯ ಮಕ್ಕಳ ಪಕ್ಕದಲ್ಲಿ ಓಡತಕ್ಕದ್ದಲ್ಲ. ಆದರೆ ರಸ್ತೆಗೆ ಕಾಲಿಡದೆ, ಲಾರಿಯ ಮೇಲೆ ಬಂದು, ಗೊತ್ತಾದ ಅಂಗಳದಲ್ಲಿ ಮಾತ್ರ ಏರಿ ಇಳಿದು, ಲಾರಿಯ ಮೇಲೆಯೇ ಹಿಂದಿರುಗುವ ಬಂಡಿಗೂ ರಸ್ತೆಯ ಅಳತೆಗೋಲನ್ನೇ ಹಿಡಿಯಬೇಕೆ? ಈ ಭೇದವನ್ನು ಅಧಿಕಾರಿವರ್ಗವು ಸ್ಪಷ್ಟಪಡಿಸಿದ ಹೊರತು ಪ್ರಾಮಾಣಿಕನೂ ಪೋಲಿಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುವರು.

ನಮ್ಮ ಸೂಚನೆ ಇಷ್ಟೇ. ಕರ್ನಾಟಕದಲ್ಲಿ ಕಲ್ಲು ತೆಗೆದು ಬಿಟ್ಟ ಕಣಿಗಳಿಗೆ ಬರಗಾಲವಿಲ್ಲ. ನಾಡಿನ ಕಲ್ಲನ್ನು ದೂರದೇಶಗಳಿಗೆ ಸಾಗಿಸಿದ ಮೇಲೆ ಉಳಿದ ಆ ಗಾಯಗಳಲ್ಲಿ ಬೆಳೆ ಬಾರದು, ಕಾಡು ಬೇಗನೆ ಹಬ್ಬದು. ನೀರು ನಿಲ್ಲದ, ಊರಿಗೂ ಕಾಡಿಗೂ ದೂರವಾದ ಅಂತಹ ಕೆಲವು ಕಣಿಗಳನ್ನು ಸರಕಾರವು ಆರಿಸಿ ಈ ವಿನೋದಕ್ಕೆ ಬಿಟ್ಟುಕೊಡಲಿ. ಅಮೇರಿಕೆಯ ಪೆನ್ಸಿಲ್ವೇನಿಯದಲ್ಲಿ ನಾರ್ತಂಬರ್‌ಲೆಂಡ್ ಕೌಂಟಿಯವರು ಹಳೆಯ ಕಲ್ಲಿದ್ದಲು ಗಣಿಗಳ ಹಾಳುಭೂಮಿಯನ್ನೇ ಇಂತಹ ಅಂಗಳವಾಗಿ 2014ರಲ್ಲಿ ತೆರೆದರು. ಕಣ್ಣಿಗೆ ಕಸವಾಗಿದ್ದ ನೆಲವು ಊರಿಗೆ ವರಮಾನದ ದಾರಿಯಾಯಿತು. ವೆಚ್ಚಕ್ಕಾಗಿ ಬಡವನ ತೆರಿಗೆಗೆ ಕೈಹಾಕಬೇಕಾಗಿಲ್ಲ. ಕ್ಯಾಲಿಫೋರ್ನಿಯವು 1971ರಷ್ಟು ಹಿಂದೆಯೇ ಶಾಸನ ಮಾಡಿ, ರಸ್ತೆಬಿಟ್ಟು ಓಡುವ ವಾಹನಗಳನ್ನು ನೋಂದಾಯಿಸಿ, ಅವುಗಳ ಶುಲ್ಕದಿಂದಲೇ ಅಂಗಳಗಳ ನಿರ್ವಾಹಕ್ಕೆ ನಿಧಿ ಕೂಡಿಸಿತು. ನಾವೂ ಹಾಗೆಯೇ ಮಾಡಬಹುದು.

ಅಂಗಳವನ್ನು ಕೊಟ್ಟಮೇಲೆ ಕಟ್ಟುಪಾಡು ಕಟ್ಟುನಿಟ್ಟಾಗಿರಬೇಕು. ಪಂಜರ, ಪಟ್ಟಿ, ಬ್ರೇಕುಗಳನ್ನು ಬಲ್ಲವರು ಪರೀಕ್ಷಿಸದೆ ಯಾವ ಬಂಡಿಯೂ ಬಂಡೆಯನ್ನು ಮುಟ್ಟಕೂಡದು. ಪ್ರೇಕ್ಷಕರನ್ನು ದೂರದಲ್ಲಿ, ಬೇಲಿಯ ಆಚೆ ನಿಲ್ಲಿಸಬೇಕು. ಕ್ಯಾಲಿಫೋರ್ನಿಯದ ಜಾನ್ಸನ್ ಕಣಿವೆಯಲ್ಲಿ 2010ನೆಯ ಆಗಸ್ಟ್ 14ರಂದು ನಡೆದ ಮರಳುಗಾಡಿನ ಓಟವೊಂದರಲ್ಲಿ, ತಡೆಬೇಲಿಯಿಲ್ಲದ ದಾರಿಯ ಅಂಚಿಗೇ ಬಂದು ನಿಂತಿದ್ದ ಜನರ ಮೇಲೆ ಬಂಡಿಯೊಂದು ನುಗ್ಗಿ 8 ಮಂದಿ ಮಡಿದರು. ಅದು ತೆವಳುವ ಪಂದ್ಯವಲ್ಲ, ವೇಗದ ಪಂದ್ಯ. ಆದರೂ ಪಾಠವು ಎರಡಕ್ಕೂ ಒಂದೇ. ಇಷ್ಟಾದಮೇಲೂ ಹಳ್ಳವನ್ನು ಕಲಕುವವನಿಗೆ, ಹುಲ್ಲುಗಾವಲನ್ನು ಗೀರುವವನಿಗೆ ಯಾವ ದಾಕ್ಷಿಣ್ಯವೂ ಸಲ್ಲದು. ಅಂಗಳ ಕೊಡುವುದು ನ್ಯಾಯವಾದರೆ ಅಂಗಳ ಮೀರಿದವನನ್ನು ದಂಡಿಸುವುದೂ ನ್ಯಾಯವೇ.

ಇದು ಸಿರಿವಂತರ ಶೋಕಿ, ಎಣ್ಣೆಯ ಅಪವ್ಯಯ ಎಂದು ಆಕ್ಷೇಪಿಸುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ಆದರೆ ದೂರದ ಕಾಡಿಗೆ ನೂರಾರು ಮೈಲಿ ಓಡುವುದಕ್ಕಿಂತ ಹತ್ತಿರದ ಕಣಿಯಲ್ಲಿ ದಿನವೆಲ್ಲ ತೆವಳುವುದರಲ್ಲಿ ಎಣ್ಣೆಯ ಖರ್ಚು ಕಡಿಮೆ. ಅದಲ್ಲದೆ ಈ ವಿದ್ಯೆಯು ಆಪತ್ಕಾಲದಲ್ಲಿ ಲೋಕೋಪಯೋಗಿಯಾದುದೂ ಉಂಟು. 2018ರ ಆಗಸ್ಟಿನಲ್ಲಿ ಕೇರಳವು ಪ್ರವಾಹದಲ್ಲಿ ಮುಳುಗಿದಾಗ, ಸಾಧಾರಣ ವಾಹನಗಳು ಹೋಗಲಾರದ ಕಡೆಗಳಲ್ಲಿ ಇಂತಹ ಮಾರ್ಪಡಿಸಿದ ಜೀಪುಗಳು ನುಗ್ಗಿ ಜನರನ್ನು ಹೊರತಂದವು, ಅನ್ನವನ್ನೂ ಔಷಧಿಯನ್ನೂ ಮುಟ್ಟಿಸಿದವು. ಶಾಸನದ ದೃಷ್ಟಿಯಲ್ಲಿ ಅಪರಾಧಿಗಳಾಗಿದ್ದ ಬಂಡಿಗಳು ಅಂದು ಪ್ರಾಣದಾಯಕಗಳಾದವು. ಪ್ರತಿ ಜಿಲ್ಲೆಯಲ್ಲಿಯೂ ಇಂತಹ ಚಾಲಕರ ಪಟ್ಟಿಯೊಂದನ್ನು ಸಿದ್ಧಪಡಿಸಿ, ವಿಪತ್ತಿನ ಕಾಲದಲ್ಲಿ ಅವರ ನೆರವನ್ನು ಪಡೆಯುವ ಏರ್ಪಾಡನ್ನು ಜಿಲ್ಲಾಡಳಿತವು ಮಾಡಿಕೊಂಡರೆ ಅಂಗಳದ ಋಣ ತೀರಿದಂತಾಗುವುದು.

ಕೊನೆಯದಾಗಿ ತರುಣ ತರುಣಿಯರಿಗೆ ಒಂದು ಮಾತು. ಸರಕಾರವು ಏಳುವವರೆಗೆ ಕಾಯಬೇಡಿರಿ. ನಿಮ್ಮ ಸಂಘಗಳು ಇಂದೇ ಕೂಡಿ, ಹರಿಯುವ ನೀರಿಗೆ ಚಕ್ರವಿಳಿಸುವುದಿಲ್ಲ, ಚೆಲ್ಲಿದ ಎಣ್ಣೆಯನ್ನು ಒರೆಸದೆ ಹಿಂದಿರುಗುವುದಿಲ್ಲ, ನೆಲದೊಡೆಯನ ಅಪ್ಪಣೆಯಿಲ್ಲದೆ ಒಳಹೊಗುವುದಿಲ್ಲ ಎಂಬ ಮೂರು ನಿಯಮಗಳನ್ನು ಕೈಕೊಳ್ಳಲಿ. ನಿಯಮ ಮುರಿದವನನ್ನು ಪೋಲೀಸರಿಗಿಂತ ಮೊದಲು ಸಂಘವೇ ಹೊರಗಿಡಲಿ. ಹಾಗೆ ನಡೆದುಕೊಂಡವರು ಅಂಗಳವನ್ನು ಕೇಳಿದಾಗ ಇಲ್ಲವೆನ್ನಲು ಯಾವ ಸರಕಾರಕ್ಕೂ ಬಾಯಿ ಬಾರದು. ಬಂಡೆಯನ್ನು ಏರುವ ಧೈರ್ಯ ನಿಮ್ಮಲ್ಲಿದೆ. ಹುಲ್ಲನ್ನು ತುಳಿಯದಿರುವ ಸಂಯಮವೂ ನಿಮ್ಮಲ್ಲಿದೆಯೆಂದು ತೋರಿಸಿಕೊಡಿರಿ.